ಪ್ರಿಂಟರ್ ಕಾಣಿಸುತ್ತದೆ, ಪ್ರಿಂಟ್ ಬರುವುದಿಲ್ಲ: ಲಿನಕ್ಸ್ ಬಳಸುವವರ ಪ್ರಶ್ನೆಗಳು

ಪ್ರಶ್ನೆ: ನಮ್ಮದು ಪ್ರೌಢಶಾಲೆ. ಕಂಪ್ಯೂಟರ್ ಕೋಣೆಯ ಎಂಟು ಕಂಪ್ಯೂಟರ್‌ಗಳಿಗೂ ಈ ವರ್ಷ ಲಿನಕ್ಸ್ ಮಿಂಟ್ ಹಾಕಿಸಿದ್ದೇವೆ. ವೈಫೈ ಇರುವ ಎಪ್ಸನ್ ಇಂಕ್ ಟ್ಯಾಂಕ್ ಪ್ರಿಂಟರ್ ಒಂದಿದೆ. ಆಫೀಸಿನ ವಿಂಡೋಸ್ ಕಂಪ್ಯೂಟರಿಗೆ ಹಳೆಯ ಎಚ್‌ಪಿ ಲೇಸರ್‌ಜೆಟ್ 1020 ಜೋಡಿಸಿ ಶೇರ್ ಮಾಡಿದ್ದಾರೆ. ಎಪ್ಸನ್ ಪಟ್ಟಿಯಲ್ಲಿ ಎರಡು ಸಲ ಕಾಣಿಸುತ್ತದೆ. ಕೆಲವು ದಿನ ಚೆನ್ನಾಗಿ ಪ್ರಿಂಟ್ ಕೊಟ್ಟು ಆಮೇಲೆ ಸುಮ್ಮನಾಗುತ್ತದೆ. ಎಚ್‌ಪಿ ಪಾಸ್‌ವರ್ಡ್ ಕೇಳುತ್ತಲೇ ಇರುತ್ತದೆ. ಎರಡಕ್ಕೂ ಸರಿಯಾದ ಡ್ರೈವರ್ ಎಲ್ಲಿ ಸಿಗುತ್ತದೆ?
– ಶಿಕ್ಷಕಿ, ಹಾಸನ ಜಿಲ್ಲೆ

ಉತ್ತರ: ಡ್ರೈವರ್ (ಪ್ರಿಂಟರಿನ ಜೊತೆ ಮಾತಾಡಲು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರ್) ಹುಡುಕುವುದನ್ನು ಸದ್ಯಕ್ಕೆ ಪಕ್ಕಕ್ಕಿಡಿ ಮೇಡಂ. ನಿಮ್ಮ ಎಪ್ಸನ್ ತಾನೇ ನೆಟ್‌ವರ್ಕಿನಲ್ಲಿದೆ. ಎಚ್‌ಪಿ ಇನ್ನೊಂದು ಕಂಪ್ಯೂಟರಿನ ಹಿಂದೆ ಕೂತಿದೆ. ಎರಡರ ತೊಂದರೆಯೂ ಬೇರೆ, ದಾರಿಯೂ ಬೇರೆ.

ಮೊದಲು ಎಪ್ಸನ್. ಲಿನಕ್ಸ್‌ನಲ್ಲಿ ಪ್ರಿಂಟಿನ ಕೆಲಸ ನೋಡಿಕೊಳ್ಳುವುದು ಕಪ್ಸ್ ಎಂಬ ಸಾಫ್ಟ್‌ವೇರ್. ಮೈಕೆಲ್ ಸ್ವೀಟ್ ಅವರು 1997ರಲ್ಲಿ ಬರೆಯಲು ಶುರು ಮಾಡಿದ್ದು. ಮುಂದೆ ಆಪಲ್ ಅದನ್ನು ಕೊಂಡುಕೊಂಡಿತು, ಮ್ಯಾಕ್‌ನಲ್ಲಿರುವುದೂ ಇದೇ. ಈ ಹಳೇ ಕಥೆ ಯಾಕೆ ಅಂದರೆ, 2010ರಲ್ಲಿ ಆಪಲ್ ಐಫೋನಿನಿಂದ ಪ್ರಿಂಟ್ ಕೊಡಲು ಏರ್‌ಪ್ರಿಂಟ್ ತಂದಿತು. ಪ್ರತಿ ಪ್ರಿಂಟರಿಗೂ ಒಂದೊಂದು ಡ್ರೈವರನ್ನು ಫೋನಿನಲ್ಲಿ ಹಾಕುತ್ತಾ ಕೂರಲು ಆಗುವುದಿಲ್ಲ ಅಲ್ವಾ? ಹಾಗಾಗಿ ತನ್ನ ಹೆಸರು ಏನು, ಯಾವ ಅಳತೆಯ ಕಾಗದ ಹಿಡಿಯುತ್ತದೆ, ಬಣ್ಣ ಇದೆಯೋ ಇಲ್ಲವೋ ಎಂಬುದನ್ನೆಲ್ಲ ಪ್ರಿಂಟರೇ ಹೇಳಿಕೊಳ್ಳುವ ಏರ್ಪಾಡಾಯಿತು. ಅದರ ಲಾಭ ಲಿನಕ್ಸ್‌ಗೂ ಸಿಕ್ಕಿತು. ಪ್ರಿಂಟರಿನ ಡಬ್ಬದ ಮೇಲೆ ಏರ್‌ಪ್ರಿಂಟ್ ಎಂದು ಬರೆದಿದ್ದರೆ ಈಗಿನ ಲಿನಕ್ಸ್‌ಗಳಲ್ಲಿ ಸಾಮಾನ್ಯವಾಗಿ ಡ್ರೈವರ್ ಬೇಕಾಗುವುದೇ ಇಲ್ಲ. ಪ್ರಿಂಟರ್ ಆನ್ ಆದರೆ ತಾನಾಗಿ ಪಟ್ಟಿಗೆ ಬರುತ್ತದೆ.

ನಿಮ್ಮಲ್ಲಿ ಎರಡು ಹೆಸರು ಕಾಣಿಸುತ್ತಿರುವುದೂ ಬಹುಶಃ ಇದರಿಂದಲೇ. ಒಂದು ತಾನಾಗಿ ಬಂದದ್ದು. ಇನ್ನೊಂದು ಯಾರೋ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಆ ಪ್ರಿಂಟರಿನ ನಂಬರು) ಕೊಟ್ಟು ಕೈಯಾರೆ ಸೇರಿಸಿದ್ದು. ರೂಟರ್ ಆಗಾಗ ಪ್ರಿಂಟರಿಗೆ ಹೊಸ ಐಪಿ ವಿಳಾಸ ಕೊಡುತ್ತದೆ. ಆಗ ಕೈಯಾರೆ ಸೇರಿಸಿದ್ದು ಹಳೆಯ ವಿಳಾಸಕ್ಕೇ ಕಳಿಸುತ್ತಾ ಕೂರುತ್ತದೆ. ಕೆಲವು ದಿನ ಕೆಲಸ ಮಾಡಿ ನಿಂತುಹೋಗುವುದು ಇದಕ್ಕೇ. ಕೈಯಾರೆ ಸೇರಿಸಿದ್ದನ್ನು ಅಳಿಸಿ, ತಾನಾಗಿ ಬಂದದ್ದನ್ನೇ ಬಳಸಿ. ಜೊತೆಗೆ ರೂಟರಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸೆಟ್ಟಿಂಗಿನಲ್ಲಿ ಪ್ರಿಂಟರಿಗೆ ಒಂದು ಖಾಯಂ ವಿಳಾಸ ಕಾದಿರಿಸಿ. ರೂಟರ್ ಹಾಕಿಕೊಟ್ಟವರಿಗೆ ಹೇಳಿದರೆ ಐದು ನಿಮಿಷದ ಕೆಲಸ. ನಿಮ್ಮ ಮಾಡೆಲ್‌ನಲ್ಲಿ ಏರ್‌ಪ್ರಿಂಟ್ ಇಲ್ಲದಿದ್ದರೆ ಮಾತ್ರ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಎಪ್ಸನ್‌ನ ಇಎಸ್‌ಸಿಪಿಆರ್ ಡ್ರೈವರ್ ಹುಡುಕಿ ಹಾಕಿಕೊಳ್ಳಿ. ಎಪ್ಸನ್ ಇಂಕ್ ಪ್ರಿಂಟರುಗಳಲ್ಲಿ ಹೆಚ್ಚಿನವಕ್ಕೆ ಅದು ಸಾಕು.

ಹಾಗೇ ಕಾಗದದ ಅಳತೆಯನ್ನೂ ಒಮ್ಮೆ ನೋಡಿಬಿಡಿ. ಎಷ್ಟೋ ಕಡೆ ಲಿನಕ್ಸ್‌ನಲ್ಲಿ ಅಮೆರಿಕದ ಲೆಟರ್ ಅಳತೆಯೇ ಉಳಿದುಕೊಂಡಿರುತ್ತದೆ. ಲೆಟರ್ ಅಂದರೆ 216 x 279 ಮಿ.ಮೀ., ನಮ್ಮ ಎ4 ಅಂದರೆ 210 x 297. ಟ್ರೇ ತುಂಬ ಎ4 ಹಾಳೆ ಇದ್ದರೂ ಪ್ರಿಂಟರ್ ಲೈಟ್ ಮಿನುಗಿಸುತ್ತಾ ಲೆಟರ್ ಹಾಳೆಗೆ ಕಾಯುತ್ತದೆ. ನೋಡಿದವರು ಪ್ರಿಂಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಈಗ ಎಚ್‌ಪಿ. ವಿಂಡೋಸ್ ಶೇರ್ ಮಾಡಿದ ಪ್ರಿಂಟರನ್ನು ಲಿನಕ್ಸ್, ವಿಂಡೋಸ್ ಜೊತೆ ಮಾತಾಡುವ ಸಾಂಬಾ ಎಂಬ ಸಾಫ್ಟ್‌ವೇರ್ ಮೂಲಕ ತಲುಪುತ್ತದೆ. ಪಾಸ್‌ವರ್ಡಿನ ಗೋಳಿಗೆ ಸಾಮಾನ್ಯವಾಗಿ ಎರಡು ಕಾರಣ. ಆಫೀಸಿನವರು ಕಂಪ್ಯೂಟರ್ ತೆರೆಯಲು ನಾಲ್ಕಂಕಿಯ ಪಿನ್ ಒತ್ತುತ್ತಾರೆ, ಲಿನಕ್ಸ್ ಕೇಳಿದಾಗಲೂ ಅದನ್ನೇ ಕೊಡುತ್ತಾರೆ. ಆ ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನಿಂದ ಬಂದರೆ ನಡೆಯುವುದಿಲ್ಲ. ಇನ್ನೊಂದು, ಪಾಸ್‌ವರ್ಡೇ ಇಲ್ಲದ ಅಕೌಂಟ್. ಅದನ್ನು ನೆಟ್‌ವರ್ಕಿನಿಂದ ಬಳಸಲು ವಿಂಡೋಸ್ ಬಿಡುವುದಿಲ್ಲ. ಪ್ರಿಂಟಿಗೆಂದೇ ವಿಂಡೋಸ್‌ನಲ್ಲಿ ಒಂದು ಲೋಕಲ್ ಅಕೌಂಟ್ ತೆರೆದು ಪಾಸ್‌ವರ್ಡ್ ಇಡಿ, ಅದನ್ನೇ ಲಿನಕ್ಸ್‌ಗೆ ಕೊಡಿ. ಶೇರ್ ಮಾಡಿದ ಹೆಸರಿನಲ್ಲಿ ಜಾಗ ಬಿಡಬೇಡಿ. ಒಂದೇ ಪದದ ಇಂಗ್ಲಿಷ್ ಹೆಸರಿದ್ದರೆ ತಲೆನೋವು ಕಡಿಮೆ.

ಆದರೆ ನಾನಾದರೆ ಈ ದಾರಿಯನ್ನೇ ಹಿಡಿಯುವುದಿಲ್ಲ. ಹೀಗೆ ಶೇರ್ ಆದ ಪ್ರಿಂಟರಿಗೆ ಲಿನಕ್ಸ್‌ನಿಂದ ಕಳಿಸಿದಾಗ ವಿಂಡೋಸ್ ಬರೀ ದಾಟಿಸುತ್ತದೆ. ಪುಟವನ್ನು ಆ ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ತಿರುಗಿಸುವ ಕೆಲಸ ಕಳಿಸುವ ಕಂಪ್ಯೂಟರಿನದೇ. ಅಂದರೆ ನಿಮ್ಮ ಎಂಟರಲ್ಲೂ ಎಚ್‌ಪಿ ಡ್ರೈವರ್ ಇರಬೇಕು. ಕಪ್ಸ್‌ನಿಂದ ಶೇರ್ ಮಾಡಿದರೆ ಲೆಕ್ಕ ಉಲ್ಟಾ. ಪ್ರಿಂಟರ್ ಯಾವ ಕಂಪ್ಯೂಟರಿಗೆ ಜೋಡಿಸಿದೆಯೋ ಅದೊಂದರಲ್ಲಿ ಡ್ರೈವರ್ ಇದ್ದರೆ ಸಾಕು. ಉಳಿದವು ಪಿಡಿಎಫ್ ಕಳಿಸುತ್ತವೆ, ತಿರುಗಿಸುವುದನ್ನು ಅದು ನೋಡಿಕೊಳ್ಳುತ್ತದೆ.

ಆದ್ದರಿಂದ ಆಫೀಸಿನವರು ಒಪ್ಪಿದರೆ ಎಚ್‌ಪಿಯ ಯುಎಸ್‌ಬಿ ಕೇಬಲ್ಲನ್ನು ಒಂದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ. ಅದರಲ್ಲಿ ಎಚ್‌ಪಿ ಪ್ರಿಂಟರುಗಳ ಡ್ರೈವರ್ ಇರುವ ಎಚ್‌ಪಿಎಲ್‌ಐಪಿ ಪ್ಯಾಕೇಜ್ ಹಾಕಿ, ಅದು ಕೇಳುವ ಪ್ಲಗಿನ್ನನ್ನೂ ಇಳಿಸಿಕೊಳ್ಳಿ. 1020ರಲ್ಲಿ ಫರ್ಮ್‌ವೇರ್ (ಪ್ರಿಂಟರನ್ನು ನಡೆಸುವ ಒಳಗಿನ ಸಾಫ್ಟ್‌ವೇರ್) ಉಳಿಯುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗಲೂ ಕಂಪ್ಯೂಟರೇ ಅದನ್ನು ತುಂಬಬೇಕು. ಪ್ಲಗಿನ್ ಇಲ್ಲದಿದ್ದರೆ ಪ್ರಿಂಟರ್ ಪಟ್ಟಿಯಲ್ಲಿ ಚೆನ್ನಾಗಿ ಕಾಣಿಸುತ್ತದೆ, ಹಾಳೆ ಮಾತ್ರ ಹೊರಗೆ ಬರುವುದಿಲ್ಲ. ಎಚ್‌ಪಿಎಲ್‌ಐಪಿ ಹೊಸ ಆವೃತ್ತಿಗೆ ಅಪ್‌ಡೇಟ್ ಆದಾಗ ಪ್ಲಗಿನ್ನನ್ನೂ ಮತ್ತೆ ಇಳಿಸಬೇಕಾಗುತ್ತದೆ, ನೆನಪಿರಲಿ.

ಆಮೇಲೆ ಪ್ರಿಂಟರ್ಸ್ ಕಿಟಕಿಯ ಸರ್ವರ್ ಸೆಟ್ಟಿಂಗ್‌ಗೆ ಹೋಗಿ, ಈ ಕಂಪ್ಯೂಟರಿನ ಪ್ರಿಂಟರುಗಳನ್ನು ಹಂಚು ಎಂಬ ಅರ್ಥದ ಸಾಲಿಗೆ ಟಿಕ್ ಹಾಕಿ. ಆ ಪ್ರಿಂಟರಿನ ಮೇಲೂ ಶೇರ್ಡ್ ಎಂದು ಟಿಕ್ ಇರಬೇಕು. ಹೊರಗಿನಿಂದ ಬರುವ ಸಂಪರ್ಕ ತಡೆಯುವ ಫೈರ್‌ವಾಲ್ ಆನ್ ಆಗಿದ್ದರೆ ಅದರಲ್ಲಿ ಟಿಸಿಪಿ 631 ಮತ್ತು ಯುಡಿಪಿ 5353 ಪೋರ್ಟ್, ಅಂದರೆ ಸಂಪರ್ಕದ ಬಾಗಿಲು, ತೆರೆಯಿರಿ. ಮೊದಲನೆಯದು ಪ್ರಿಂಟ್ ಕಳಿಸಲು, ಎರಡನೆಯದು ಪ್ರಿಂಟರ್ ಪಟ್ಟಿಯಲ್ಲಿ ಕಾಣಿಸಲು. ಆಫೀಸಿನ ವಿಂಡೋಸ್‌ಗೂ ಇದೇ ಪ್ರಿಂಟರನ್ನು ಐಪಿಪಿ (ನೆಟ್‌ವರ್ಕಿನಲ್ಲಿ ಪ್ರಿಂಟ್ ಕಳಿಸುವ ಪದ್ಧತಿ) ವಿಳಾಸ ಕೊಟ್ಟು ಸೇರಿಸಬಹುದು. ಅದು ಡ್ರೈವರ್ ಕೇಳಿದರೆ ಮೈಕ್ರೋಸಾಫ್ಟ್ ಪಿಎಸ್ ಕ್ಲಾಸ್ ಡ್ರೈವರ್ ಆರಿಸಿ, ಕಪ್ಸ್‌ಗೆ ಅದು ಅರ್ಥವಾಗುತ್ತದೆ. ಇದರಲ್ಲಿ ಒಂದು ಅನಾನುಕೂಲ ಇದೆ: ಕೇಬಲ್ ಹಾಕಿದ ಕಂಪ್ಯೂಟರ್ ಆನ್ ಇಲ್ಲದಿದ್ದರೆ ಆಫೀಸಿಗೂ ಪ್ರಿಂಟ್ ಇಲ್ಲ. ದಾಖಲಾತಿ, ಟಿ.ಸಿ. ಕೊಡುವ ದಿನಗಳಲ್ಲಿ ಇದು ಜಗಳಕ್ಕೆ ಕಾರಣವಾದೀತು, ಮೊದಲೇ ಮಾತಾಡಿಕೊಳ್ಳಿ.

ಅಪ್‌ಡೇಟ್‌ಗಳನ್ನು ತಪ್ಪಿಸಬೇಡಿ. ನೆಟ್‌ವರ್ಕಿನಲ್ಲಿ ಪ್ರಿಂಟರ್ ಹುಡುಕಿಕೊಡುವ ಕಪ್ಸ್-ಬ್ರೌಸ್ಡ್ ಎಂಬ ಭಾಗದಲ್ಲಿ 2024ರ ಸೆಪ್ಟೆಂಬರಿನಲ್ಲಿ ದೊಡ್ಡ ಭದ್ರತಾ ಲೋಪ ಬಯಲಾಯಿತು. ಅದನ್ನು ಸರಿಪಡಿಸಿದ ಆವೃತ್ತಿ ಬಂದಿದೆ. ಮತ್ತೆ, ಯಾರೇ ಹೇಳಿದರೂ ರೂಟರಿನಲ್ಲಿ 631 ಪೋರ್ಟನ್ನು ಇಂಟರ್ನೆಟ್ ಕಡೆಗೆ ತೆರೆಯಬೇಡಿ.

ಪ್ರಶ್ನೆ: ಮನೆಯ ವೈಫೈ ಪ್ರಿಂಟರಿಗೆ ಫೋನಿನಿಂದ ಪ್ರಿಂಟ್ ಹೋಗುತ್ತದೆ. ಲಿನಕ್ಸ್ ಲ್ಯಾಪ್‌ಟಾಪಿಗೆ ಮಾತ್ರ ಪ್ರಿಂಟರ್ ಕಾಣಿಸುವುದೇ ಇಲ್ಲ. ಕೆಲಸದ ಲ್ಯಾಪ್‌ಟಾಪ್ ಅದು.
– ಓದುಗರು, ಬೆಂಗಳೂರು

ಉತ್ತರ: ಕೆಲಸದ ಲ್ಯಾಪ್‌ಟಾಪ್ ಅಂದ ಕೂಡಲೇ ನನ್ನ ಅನುಮಾನ ವಿಪಿಎನ್, ಅಂದರೆ ಕಂಪನಿಯ ನೆಟ್‌ವರ್ಕಿಗೆ ಸೇರಿಸುವ ಖಾಸಗಿ ಸಂಪರ್ಕದ ಮೇಲೆ. ವಿಪಿಎನ್ ಆನ್ ಇದ್ದರೆ ಎಷ್ಟೋ ಕಂಪನಿಗಳಲ್ಲಿ ಮನೆಯ ನೆಟ್‌ವರ್ಕಿಗೆ ಹೋಗುವ ದಾರಿಯನ್ನೇ ಮುಚ್ಚಿರುತ್ತಾರೆ. ಅದನ್ನು ಆಫ್ ಮಾಡಿ ನೋಡಿ. ಆಗಲೂ ಇಲ್ಲದಿದ್ದರೆ ಲ್ಯಾಪ್‌ಟಾಪ್ ರೂಟರಿನ ಗೆಸ್ಟ್ ವೈಫೈಗೆ ಸೇರಿಕೊಂಡಿದೆಯಾ ನೋಡಿ. ಗೆಸ್ಟ್‌ನಲ್ಲಿ ಇಂಟರ್ನೆಟ್ ಸಿಗುತ್ತದೆ, ಮನೆಯ ಬೇರೆ ಸಾಧನಗಳು ಸಿಗುವುದಿಲ್ಲ. ಎರಡೂ ಅಲ್ಲ ಅಂದರೆ ಫೈರ್‌ವಾಲ್. ಮೇಲೆ ಹೇಳಿದ 5353 ಅಲ್ಲಿ ಮುಚ್ಚಿರುತ್ತದೆ. ಕಂಪನಿಯ ಲ್ಯಾಪ್‌ಟಾಪ್ ಆದ್ದರಿಂದ ಅದನ್ನು ನೀವೇ ಬದಲಿಸುವ ಮೊದಲು ಅಲ್ಲಿನ ಐಟಿಯವರನ್ನು ಕೇಳಿ.

ಪ್ರಶ್ನೆ: ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆಯ ಕನ್ನಡ ಪತ್ರಗಳನ್ನು ಲಿನಕ್ಸ್‌ನಿಂದ ಪ್ರಿಂಟ್ ಮಾಡಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತದೆ. ಪ್ರಿಂಟರ್ ಡ್ರೈವರ್ ತಪ್ಪೇ?
– ಓದುಗರು, ಧಾರವಾಡ

ಉತ್ತರ: ಪ್ರಿಂಟರಿನ ತಪ್ಪಲ್ಲ. ಆ ಪತ್ರವನ್ನು ಸ್ಕ್ರೀನಿನ ಮೇಲೇ ತೆರೆದು ನೋಡಿ, ಅಲ್ಲೂ ಹಾಗೇ ಇರುತ್ತದೆ. ಹಳೆಯ ನುಡಿ ಫಾಂಟುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿರುತ್ತಾರೆ. ಆ ಫಾಂಟ್ ಲಿನಕ್ಸ್‌ನಲ್ಲಿ ಇಲ್ಲದಿದ್ದರೆ ಹಿಂದಿರುವ ಇಂಗ್ಲಿಷ್ ಹೊರಗೆ ಬರುತ್ತದೆ. ವಿಂಡೋಸ್ ಕಂಪ್ಯೂಟರ್ ಕೈಗೆ ಸಿಗುವುದಾದರೆ ಅಲ್ಲೇ ಪಿಡಿಎಫ್ ಮಾಡಿಕೊಂಡು ತನ್ನಿ. ಫಾಂಟ್ ಪಿಡಿಎಫ್ ಒಳಗೇ ಸೇರಿರುತ್ತದೆ, ಲಿನಕ್ಸ್‌ನಿಂದ ಸರಿಯಾಗಿ ಪ್ರಿಂಟ್ ಆಗುತ್ತದೆ. ಮತ್ತೆ ಮತ್ತೆ ತಿದ್ದಬೇಕಾದ ಪತ್ರಗಳಾದರೆ ಯೂನಿಕೋಡ್‌ಗೆ ಪರಿವರ್ತಿಸಿ, ಲೋಹಿತ್ ಕನ್ನಡ ಅಥವಾ ನೋಟೋ ಸಾನ್ಸ್ ಕನ್ನಡ ಫಾಂಟ್ ಬಳಸಿ. ಪರಿವರ್ತಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಒಮ್ಮೆ ಕಣ್ಣಲ್ಲಿ ಓದಿಯೇ ಪ್ರಿಂಟ್ ಕೊಡಿ. ಎಡವಟ್ಟಾಗುವುದು ಜಾಸ್ತಿ ಅಲ್ಲೇ.