ಮೇಷ್ಟ್ರಿಗೊಂದು ಪ್ರಶ್ನೆ: ಚಿಹ್ನೆ ಯಾಕೆ ತಿರುಗಬೇಕು?

ಪ್ರಶ್ನೆ: ಮೇಷ್ಟ್ರೇ, ಮಗಳು ಫಸ್ಟ್ ಪಿಯು ಓದುತ್ತಿದ್ದಾಳೆ. ಟೆಸ್ಟಿನಲ್ಲಿ 7 − 2(ಕ್ಷ − 4) ≤ 3 ಎಂಬ ಅಸಮತೆ ಬಂದಿತ್ತು. ಕ್ಷ ≤ 6 ಎಂದು ಬರೆದು ಬಂದಳು. ಸರಿ ಉತ್ತರ ಕ್ಷ ≥ 6 ಅಂತೆ. ಮೈನಸ್‌ನಿಂದ ಭಾಗಿಸಿದರೆ ಚಿಹ್ನೆ ತಿರುಗುತ್ತದೆ, ಅದು ರೂಲ್ಸು ಎಂದಷ್ಟೇ ಲೆಕ್ಚರರ್ ಹೇಳಿದರಂತೆ. ಯಾಕೆ ಎಂದು ಅವಳು ನನ್ನನ್ನು ಪೀಡಿಸುತ್ತಿದ್ದಾಳೆ. ನಾನು ಓದಿದ್ದು ಬಿ.ಎ.
— ಒಬ್ಬ ತಾಯಿ, ತಿಪಟೂರು

ಉತ್ತರ: ಮೊದಲು ಮಗಳ ಬೆನ್ನು ತಟ್ಟಿ, ತಾಯಿ. ಈ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಬ್ರಾಕೆಟ್ಟಿನಲ್ಲಿ. ಅವಳು ಅದನ್ನು ಸರಿಯಾಗಿ ದಾಟಿದ್ದಾಳೆ. ಹೊರಗಿರುವುದು ಬರೀ 2 ಅಲ್ಲ, −2. ಒಳಗಿನ ಎರಡನ್ನೂ ಅದು ಗುಣಿಸಬೇಕು. −2ರಿಂದ −4 ಅನ್ನು ಗುಣಿಸಿದರೆ +8 ಆಗುತ್ತದೆ. ಹಾಗಾಗಿ 7 − 2ಕ್ಷ + 8 ≤ 3. ಎಷ್ಟೋ ಮಕ್ಕಳು ಇಲ್ಲಿ −8 ಬರೆಯುತ್ತಾರೆ. ಕೆಲವರು 7ರಲ್ಲಿ 2 ಕಳೆದು 5(ಕ್ಷ − 4) ಮಾಡಿಬಿಡುತ್ತಾರೆ! ಅದಂತೂ ಕೆಂಪು ಪೆನ್ನಿಗೆ ಹಬ್ಬ.

ಈಗ ಉಳಿದಿದ್ದು −2ಕ್ಷ ≤ −12. ಯಾಕೆ ತಿರುಗಬೇಕು? ದುಡ್ಡಿನಲ್ಲಿ ಯೋಚಿಸಲಿ. 3 ಸಾವಿರ ಇರುವವನಿಗಿಂತ 5 ಸಾವಿರ ಇರುವವನು ಮೇಲು. ಅಷ್ಟೇ ಮೊತ್ತ ಸಾಲವಾದರೆ? 3 ಸಾವಿರ ಸಾಲದವನೇ ಮೇಲು. ಅಂದರೆ 3 < 5, ಆದರೆ −3 > −5. ಈ ಹೋಲಿಕೆ ನನ್ನದಲ್ಲ. ಗಣಿತಜ್ಞ ಬ್ರಹ್ಮಗುಪ್ತ 628ರಲ್ಲೇ ಧನ, ಋಣ ಎಂದು ಕರೆದು ನಿಯಮ ಬರೆದಿಟ್ಟಿದ್ದ. ಋಣವನ್ನು ಋಣದಿಂದ ಗುಣಿಸಿದರೆ ಧನ ಎನ್ನುವುದೂ ಅದರಲ್ಲಿದೆ. ಮೇಲಿನ +8 ಬಂದದ್ದು ಹಾಗೆಯೇ.

ನನ್ನನ್ನು ಕೇಳಿದರೆ, ತಿರುಗಿಸುವ ಗೊಡವೆಯೇ ಬೇಡ. 15 − 2ಕ್ಷ ≤ 3 ಇರುವಾಗಲೇ ಎರಡೂ ಕಡೆ 2ಕ್ಷ ಕೂಡಲಿ. 15 ≤ 3 + 2ಕ್ಷ ಆಗುತ್ತದೆ. ಆಮೇಲೆ 12 ≤ 2ಕ್ಷ, ಅಂದರೆ 6 ≤ ಕ್ಷ. ಮೈನಸ್ ಹೋಯಿತು, ರೂಲ್ಸೂ ಹೋಯಿತು. ಕೊನೆಗೆ ಒಂದು ಸಂಖ್ಯೆ ಹಾಕಿ ನೋಡುವ ಅಭ್ಯಾಸ ಮಾಡಿಸಿ. ಸೊನ್ನೆ ಎಲ್ಲಕ್ಕಿಂತ ಸುಲಭ. ಕ್ಷ ಸೊನ್ನೆಯಾದರೆ ಎಡಗಡೆ 15 ಬರುತ್ತದೆ. 15 ≤ 3 ಸುಳ್ಳು. ಹಾಗಾದರೆ ಉತ್ತರದಲ್ಲಿ ಸೊನ್ನೆ ಇರಕೂಡದು. ಅವಳು ಬರೆದ ಕ್ಷ ≤ 6ರಲ್ಲಿ ಸೊನ್ನೆ ಇದೆ, ಅಲ್ವಾ? ಪರೀಕ್ಷೆಯ ಹಾಲಿನಲ್ಲೇ ಗೊತ್ತಾಗುತ್ತಿತ್ತು.

ಪ್ರಶ್ನೆ: ಸರ್, ಬ್ರಾಕೆಟ್ ಕಂಡ ಕೂಡಲೇ ಬಿಡಿಸಲೇಬೇಕಾ?
— ಪಿಯು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೇಕಿಲ್ಲಪ್ಪ. ನಿಮ್ಮ ಮನೆಯಲ್ಲಿ ನಾಮಕರಣ ಎಂದುಕೊ. ಹಾಲ್ ಬಾಡಿಗೆ 15,000, ಊಟ ಒಂದಕ್ಕೆ 180 ರೂಪಾಯಿ. ನೆಂಟರು ಕ್ಷ ಜನ. ಬಡಿಸುವವರು, ವಾಲಗದವರು ಸೇರಿ ಇನ್ನೂ 20 ಜನ. ಕೈಯಲ್ಲಿರುವುದು 60,000. ಆಗ 15,000 + 180(ಕ್ಷ + 20) ≤ 60,000. ಬಾಡಿಗೆ ಕಳೆದರೆ 180(ಕ್ಷ + 20) ≤ 45,000. ಸುಮ್ನೆ 180ರಿಂದ ಭಾಗಿಸು: ಕ್ಷ + 20 ≤ 250. ನೆಂಟರು 230ರ ಒಳಗಿರಲಿ. ಬಿಡಿಸಿದ್ದರೆ 3,600 ಎಂಬ ಇನ್ನೊಂದು ಸಂಖ್ಯೆಯನ್ನು ಕೊನೆತನಕ ಹೊರಬೇಕಿತ್ತು.

ಎರಡೂ ಕಡೆ ಕ್ಷ ಇದ್ದರೆ ಮಾತ್ರ ಬಿಡಿಸುವುದೇ ಒಳ್ಳೆಯದು. 3(ಕ್ಷ + 2) > 3ಕ್ಷ + 1 ಬಿಡಿಸಿದರೆ ಕ್ಷ ಮಾಯವಾಗಿ 6 > 1 ಉಳಿಯುತ್ತದೆ. ಗಾಬರಿಯಾಗಬೇಡ. ಅದು ಯಾವಾಗಲೂ ನಿಜ, ಆದ್ದರಿಂದ ಯಾವ ಸಂಖ್ಯೆ ಹಾಕಿದರೂ ಸರಿ. 1ರ ಜಾಗದಲ್ಲಿ 10 ಇದ್ದರೆ 6 > 10 ಬರುತ್ತದೆ. ಆಗ ‘ಪರಿಹಾರವಿಲ್ಲ’ ಎಂದು ಬರೆ. ಉತ್ತರ ಬರಲಿಲ್ಲ ಎಂದುಕೊಂಡು ಹೊಡೆದು ಹಾಕಬೇಡ, ಅದೇ ಉತ್ತರ.