ಹನ್ನೆರಡು ಜೊತೆ ಕಾಲುಚೀಲಗಳ ಲೇಖಕಿಗೆ

ಪ್ರೀತಿಯ ಲೇಖಕಿಯವರಿಗೆ ನಮಸ್ಕಾರ.

ನಾರ್ವೆಯ ಟ್ರೊಂಡ್‌ಹೈಮ್‌ನಿಂದ ನೀವು ಕಳಿಸಿದ ಕಾಲುಚೀಲ ವಿನ್ಯಾಸಗಳ ಹಸ್ತಪ್ರತಿ ನಮ್ಮ ಕೈಸೇರಿ ಏಳು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕಾರಣವಿದೆ. ಹೆಣಿಗೆಯ ಬರಹವನ್ನು ಬರೀ ಓದಿ ಅಭಿಪ್ರಾಯ ಹೇಳುವುದು ಅಡುಗೆ ಪುಸ್ತಕ ಓದಿ ಉಪ್ಪು ಹೆಚ್ಚಾಯಿತು ಎಂದ ಹಾಗೆ. ಅದಕ್ಕೇ ನಿಮ್ಮ ಹನ್ನೆರಡು ಎರಡು-ಬಣ್ಣದ ಕಾಲುಚೀಲಗಳಲ್ಲಿ ಎರಡನ್ನು ಕಡ್ಡಿಗೆ ಹಾಕಿ ನೋಡಿದೆ. ಒಂದು ‘ಫಿಲ್ಟರ್ ಕಾಫಿ’, ಇನ್ನೊಂದು ‘ಜಲ್ಲಿ’.

ಮೊದಲು ನಿರ್ಧಾರ ಹೇಳಿಬಿಡುತ್ತೇನೆ, ಕೊನೆಯವರೆಗೆ ನಿಮ್ಮನ್ನು ಕಾಯಿಸುವುದಿಲ್ಲ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಹನ್ನೆರಡರಲ್ಲಿ ನಾಲ್ಕು ನಮಗೆ ಬೇಕು: ಜಲ್ಲಿ, ಹಿಮಕೋಲು, ಬಟ್ಟೆ ಒಣಗಿಸುವ ಸ್ಟ್ಯಾಂಡ್, ಮತ್ತು ಬಹಳಷ್ಟು ಬದಲಾದ ಮೇಲೆ ಚುಕ್ಕಿ ರಂಗೋಲಿ. ಉಳಿದ ಎಂಟನ್ನು ಬಿಡಬೇಕು ಎಂದು ನನಗೆ ಯಾಕೆ ಅನಿಸಿತು ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮ ಕೈ ಒಳ್ಳೆಯದು, ನೀವು ಇನ್ನೂ ಬಹಳ ಕಾಲ ಹೆಣೆಯುವವರು. ಅದಕ್ಕೇ ಇಷ್ಟು ಉದ್ದದ ಪತ್ರ.

ಕಾಫಿಯ ಕಾಲುಚೀಲ ನನ್ನ ಹಿಮ್ಮಡಿ ದಾಟಲಿಲ್ಲ. ಕಾರಣ ಲೆಕ್ಕದಲ್ಲಿದೆ. ನೀವು 64 ಕುಣಿಕೆ ಹಾಕಲು ಹೇಳಿದ್ದೀರಿ. ಒಂದೇ ಬಣ್ಣದ ಸಾದಾ ಕಾಲುಚೀಲಕ್ಕೆ, ಅಂಗುಲಕ್ಕೆ 8 ಕುಣಿಕೆ ಬರುವ ಕೈಗೆ, ಅದು ಸರಿ. ಸುತ್ತಳತೆ 8 ಅಂಗುಲ ಬರುತ್ತದೆ, ಹಾಕಿದಾಗ ಹಿಗ್ಗುತ್ತದೆ. ಎರಡು ಬಣ್ಣ ಹೆಣೆಯುವಾಗ ಮುಂದೆ ಕಾಣದ ಬಣ್ಣದ ನೂಲು ಹಿಂದೆ ಅಡ್ಡಡ್ಡ ಹಾದು ಹೋಗುತ್ತದೆ. ಆ ನೂಲು ಹಿಗ್ಗುವುದಿಲ್ಲ. ಮೇಲಾಗಿ ಸ್ವಲ್ಪ ಎಳೆದೂ ಬಿಡುತ್ತದೆ. ನನ್ನ ಕೈಯಲ್ಲಿ ಅಂಗುಲಕ್ಕೆ 9 ಕುಣಿಕೆ ಆಯಿತು, ಸುತ್ತಳತೆ 7 ಅಂಗುಲದ ಹತ್ತಿರಕ್ಕೆ ಇಳಿಯಿತು. ಕಾಲುಚೀಲ ದಾಟಬೇಕಾದ ಅತಿ ದೊಡ್ಡ ಜಾಗ ಪಾದವೂ ಅಲ್ಲ, ಮೀನಖಂಡವೂ ಅಲ್ಲ. ಹಿಮ್ಮಡಿಯ ತುದಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಟೇಪು ಸುತ್ತಿದರೆ ಬರುವ ಅಳತೆ ಅದು. ಬಹುಪಾಲು ಹೆಂಗಸರಿಗೆ ಅದು 12 ಅಂಗುಲದ ಆಸುಪಾಸು. ನಿಮ್ಮ ಹನ್ನೆರಡು ವಿನ್ಯಾಸದಲ್ಲಿ ಎಲ್ಲಿಯೂ ಆ ಅಳತೆಯ ಮಾತೇ ಇಲ್ಲ. 72 ಕುಣಿಕೆಗೆ ಏರಿಸಿ. 72ಕ್ಕೆ ಇನ್ನೊಂದು ಅನುಕೂಲವೂ ಇದೆ: 2, 3, 4, 6, 8, 9, 12, 18, 24, ಇಷ್ಟೂ ಸಂಖ್ಯೆಗಳಿಗೆ ಅದು ಶೇಷವಿಲ್ಲದೆ ಭಾಗವಾಗುತ್ತದೆ. ಹೂವೋ ಹಕ್ಕಿಯೋ ಈ ಅಗಲಗಳಲ್ಲಿ ಒಂದಕ್ಕೆ ಕೂತರೆ ಸುತ್ತು ತುಂಬಿದಾಗ ಅರ್ಧ ಹೂವು ಉಳಿಯುವುದಿಲ್ಲ.

ನಿಮ್ಮ ಲೋಟ-ದಬರಿಯ ಅಗಲ 23 ಕುಣಿಕೆ. ಮುಂದೊಂದು ಹಿಂದೊಂದು ಕೂರಿಸಿದ್ದೀರಿ. ಎರಡರ ನಡುವೆ 9 ಕುಣಿಕೆಯಷ್ಟು ಬರೀ ಹಿನ್ನೆಲೆ. ಅಂದರೆ ಕಂದು ನೂಲು ಒಂದು ಅಂಗುಲದಷ್ಟು ಉದ್ದ ಒಳಗೆ ಜೋತು ಬಿದ್ದಿರುತ್ತದೆ. ಹಾಕಿಕೊಳ್ಳುವಾಗ ಹೆಬ್ಬೆರಳು ಅದಕ್ಕೇ ಸಿಕ್ಕಿಕೊಳ್ಳುತ್ತದೆ. ನನಗೆ ಎರಡು ಸಲ ಸಿಕ್ಕಿಕೊಂಡಿತು, ಎರಡನೆಯ ಸಲ ನೂಲು ಹರಿಯಿತು. ಐದು ಕುಣಿಕೆಗಿಂತ ಹೆಚ್ಚು ಹಿಂದೆ ಓಡುವ ನೂಲನ್ನು ನಡುವೆ ಒಮ್ಮೆ ಸಿಕ್ಕಿಸಿಕೊಂಡು ಹೋಗಬೇಕು ಎಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ‘ಜಲ್ಲಿ’ಯಲ್ಲಿ ಅದರ ಅಗತ್ಯವೇ ಬಾರದಂತೆ ಮಾಡಿದ್ದೀರಿ. ಕಾಫಿಯಲ್ಲಿ ಯಾಕೆ ಮರೆತಿರಿ?

ನನಗೆ ಹೊಳೆದ ಕಾರಣ ಇದು. ಕಾಫಿ ಲೋಟವನ್ನು ನೀವು ನೋಡಿ ಬಿಡಿಸಿಲ್ಲ. ಬೆಂಗಳೂರು ಎಂದೊಡನೆ ಏನು ಇರಬೇಕೋ ಅದನ್ನು ಇಟ್ಟಿದ್ದೀರಿ. ಆಟೊ, ಗೋಪುರ, ತೇರು, ಮಲ್ಲಿಗೆ ದಂಡೆ, ಇಳಕಲ್ ಅಂಚು ಎಲ್ಲ ಹಾಗೇ ಬಂದಿವೆ. ಊರಿನಿಂದ ದೂರ ಇರುವವರಿಗೆ ಇವು ಎದೆಗೆ ಹತ್ತಿರ ಎಂದು ನನಗೆ ಗೊತ್ತು. ಆ ಪ್ರೀತಿಯನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ನಿಮ್ಮ ಮುನ್ನುಡಿ ‘ದಿನನಿತ್ಯ ಕಣ್ಣಿಗೆ ಬೀಳುವುದೇ ನನ್ನ ವಿನ್ಯಾಸ’ ಎನ್ನುತ್ತದೆ. ಒಂಬತ್ತು ವರ್ಷದಿಂದ ನೀವು ದಿನಾ ನೋಡುತ್ತಿರುವುದು ಆಟೊ ಅಲ್ಲವಲ್ಲ? ಈ ದೋಷ ಊರಿನ ನೆನಪಿಗೆ ಮಾತ್ರ ಅಂಟಿದ್ದೂ ಅಲ್ಲ. ನಿದೆಲ್ವ ನದಿ ದಂಡೆಯ ಮರದ ಗೋದಾಮುಗಳ ಕಾಲುಚೀಲವೂ ಹಾಗೆಯೇ, ಪ್ರವಾಸಿಗರು ಕೊಳ್ಳುವ ಕಾರ್ಡಿನ ಚಿತ್ರ. ಆ ನದಿಯ ಪಕ್ಕ ದಿನಾ ಕೆಲಸಕ್ಕೆ ನಡೆದುಹೋಗುವ ನಿಮ್ಮ ಕಣ್ಣಿಗೆ ಅಲ್ಲಿ ಇನ್ನೇನೋ ಬಿದ್ದಿರಲೇಬೇಕು.

ಬಿದ್ದಿದೆ ಕೂಡ. ‘ಜಲ್ಲಿ’ಯ ಮೊದಲು ನೀವು ಬರೆದ ಆರು ಸಾಲು ಇಡೀ ಹಸ್ತಪ್ರತಿಯಲ್ಲೇ ಅತ್ಯುತ್ತಮ. ಚಳಿಗಾಲದಲ್ಲಿ ಕಾಲು ಜಾರದಿರಲೆಂದು ಮಂಜುಗಟ್ಟಿದ ಕಾಲುದಾರಿಗೆ ಸಣ್ಣ ಜಲ್ಲಿ ಎರಚುತ್ತಾರೆ, ವಸಂತದಲ್ಲಿ ಹಿಮ ಕರಗಿದರೂ ಜಲ್ಲಿ ಉಳಿಯುತ್ತದೆ, ಅದನ್ನು ಗುಡಿಸುವ ಸದ್ದು ಕೇಳಿದಾಗ ಚಳಿ ಮುಗಿಯಿತು ಅನಿಸುತ್ತದೆ ಎಂದಿದ್ದೀರಿ. ಒಂದು ವಿಶೇಷಣವೂ ಇಲ್ಲ. ವಿನ್ಯಾಸವೂ ಅಷ್ಟೇ ಸಾದಾ: ಬಿಳಿಯ ಮೇಲೆ ಒಂದೊಂದೇ ಕುಣಿಕೆಯ ಬೂದು ಚುಕ್ಕೆ, ಮೂರು ಬಿಟ್ಟು ಒಂದು, ನಾಲ್ಕು ಬಿಟ್ಟು ಒಂದು, ಬೆರಳ ತುದಿಗೆ ಹೋದಂತೆ ಒತ್ತೊತ್ತಾಗಿ. ಹಿಂದೆ ನೂಲು ಎಲ್ಲಿಯೂ ಜೋಲುವುದಿಲ್ಲ. ನೋಡಿದ್ದನ್ನೇ ಬಿಡಿಸಿದಾಗ ಕೈಯೂ ಲೆಕ್ಕ ತಪ್ಪಲಿಲ್ಲ ನೋಡಿ.

ನೀವಿರುವ ದೇಶದ ಹೆಣಿಗೆಯವರು ಇಂಥ ಒಂಟಿ ಚುಕ್ಕೆಯನ್ನು ‘ಲೂಸ್’ ಎನ್ನುತ್ತಾರೆ, ಅಂದರೆ ಹೇನು. ಸೇತೆಸ್ದಾಲ್ ಕಣಿವೆಯ ಪ್ರಸಿದ್ಧ ಕಪ್ಪು-ಬಿಳುಪು ಸ್ವೆಟರಿಗೆ ‘ಹೇನಿನ ಅಂಗಿ’ ಎಂದೇ ಹೆಸರು. ನಮ್ಮ ಧಾರವಾಡದ ಕಡೆಯ ಹೆಂಗಸರು ಕಸೂತಿಯ ಕತ್ತರಿ ಹೊಲಿಗೆಯನ್ನು (ಕ್ರಾಸ್ ಸ್ಟಿಚ್) ಮೆಂತ್ಯೆ ಎಂದರು. ಒಬ್ಬರು ತಲೆಯಲ್ಲಿ ಕಂಡದ್ದು, ಇನ್ನೊಬ್ಬರು ಸಾಸಿವೆ ಡಬ್ಬಿಯ ಪಕ್ಕ ಕಂಡದ್ದು. ನನ್ನ ತಾಯಿ ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕುವುದನ್ನು ನೋಡುತ್ತ ನಾನು ಬೆಳೆದೆ. ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲು, ಆನೆ, ನವಿಲು ಇವೆ ನಿಜ. ಆ ಹೆಂಗಸರಿಗೆ ತುಳಸಿಕಟ್ಟೆ ಅಂಗಳದಲ್ಲಿತ್ತು, ತೊಟ್ಟಿಲು ಪಕ್ಕದಲ್ಲೇ ತೂಗುತ್ತಿತ್ತು, ತೇರು ವರ್ಷಕ್ಕೊಮ್ಮೆ ಮನೆ ಮುಂದೆ ಹಾಯುತ್ತಿತ್ತು. ಅವರ ದಿನಚರಿಯ ಫಲವನ್ನು ನೀವು ಎತ್ತಿ ತಂದಿದ್ದೀರಿ. ಅವರು ನೋಡಿದ ರೀತಿಯನ್ನು ತಂದಿದ್ದರೆ ಇನ್ನೂ ಹೆಚ್ಚು ದಕ್ಕುತ್ತಿತ್ತು.

ಕಸೂತಿಯ ನಕ್ಷೆಯನ್ನು ಹಾಗೇ ಕಾಲುಚೀಲಕ್ಕೆ ಇಳಿಸುವುದರಲ್ಲಿ ಇನ್ನೊಂದು ತೊಡಕು. ಕಸೂತಿ ಎಳೆ ಎಣಿಸಿ ಹಾಕುವಂಥದ್ದು, ಅಲ್ಲಿನ ಮನೆ ಹೆಚ್ಚುಕಡಿಮೆ ಚೌಕ. ಹೆಣಿಗೆಯ ಕುಣಿಕೆ ಚೌಕವಲ್ಲ, ಎತ್ತರಕ್ಕಿಂತ ಅಗಲ ಹೆಚ್ಚು. ನಿಮ್ಮ ತೇರಿನ ಗಾಲಿ ಚೌಕುಳಿ ಹಾಳೆಯ ಮೇಲೆ 20ಕ್ಕೆ 20 ಮನೆ, ದುಂಡಗಿದೆ. ಅಂಗುಲಕ್ಕೆ 8 ಕುಣಿಕೆ, 10 ಸುತ್ತು ಬರುವ ಕೈಯಲ್ಲಿ ಅದು ಎರಡೂವರೆ ಅಂಗುಲ ಅಗಲ, ಎರಡೇ ಅಂಗುಲ ಎತ್ತರದ ಚಪ್ಪಟೆ ಗಾಲಿ. ಹೆಣಿಗೆಗೆಂದೇ ಇರುವ, ಮನೆಗಳು ಅಡ್ಡ ಉದ್ದವಾಗಿರುವ ಹಾಳೆಯಲ್ಲಿ ಬಿಡಿಸುವ ಅಭ್ಯಾಸ ಮಾಡಿಕೊಳ್ಳಿ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಹಿಂದೂ ಮುಂದೂ ಒಂದೇ ಚಿತ್ರ. ಕಾಲುಚೀಲದ ಒಳಗಡೆ ಬೇರೆಯೇ ಒಂದು ಬಟ್ಟೆ ಇರುತ್ತದೆ, ಪಾದಕ್ಕೆ ತಾಗುವುದು ಅದೇ. ನಕ್ಷೆ ಬಿಡಿಸುವಾಗ ಆ ಒಳಬದಿಯನ್ನೂ ಮನಸ್ಸಿನಲ್ಲಿ ಹೆಣೆಯುತ್ತಿರಬೇಕು.

ರಂಗೋಲಿಯ ವಿಷಯವೂ ಇದೇ. ಚುಕ್ಕಿಗಳನ್ನು ಬಳಸಿ ಹರಿಯುವ ಬಾಗು ಗೆರೆ ಕುಣಿಕೆಯಲ್ಲಿ ಬಾಗುವುದಿಲ್ಲ, ಮೆಟ್ಟಿಲಾಗುತ್ತದೆ. ಗೆರೆ ಎಲ್ಲ ತೆಗೆದುಬಿಡಿ. ಗೆರೆ ಎಳೆಯುವ ಮೊದಲಿನ ಕ್ಷಣ ಹೆಣೆಯಿರಿ: ಸಾರಿಸಿದ ನೆಲದ ಮೇಲೆ ಬರೀ ಚುಕ್ಕಿ, ಒಂದು ಸಾಲಿನ ಎರಡು ಚುಕ್ಕಿಗಳ ಸಂದಿನಲ್ಲಿ ಮುಂದಿನ ಸಾಲಿನ ಚುಕ್ಕಿ. ಆಗ ಅದು ‘ಜಲ್ಲಿ’ಯ ಪಕ್ಕದಲ್ಲಿ ಕೂರುತ್ತದೆ. ಒಂದೇ ಚುಕ್ಕೆ, ಎರಡು ಊರು, ಅಂಗಳವೂ ಮಂಜಿನ ದಾರಿಯೂ. ನಿಮ್ಮ ಬದುಕಿನ ಎರಡು ತುದಿ ಅಲ್ಲಿ ತಾನಾಗಿ ಸೇರುತ್ತದೆ, ಮುನ್ನುಡಿಯಲ್ಲಿ ಎರಡು ಪುಟ ಹೇಳಬೇಕಾಗಿಯೇ ಇಲ್ಲ.

ಗೋಪುರವನ್ನು ಬಿಡಬೇಕು ಎಂದೆನಲ್ಲ, ಆದರೂ ಅದರಿಂದ ಕಲಿಯಬೇಕಾದದ್ದು ಒಂದಿದೆ. ನೀವು ಕಾಲುಚೀಲವನ್ನು ಮೇಲಿನ ಪಟ್ಟಿಯಿಂದ ಬೆರಳಿನ ಕಡೆಗೆ ಹೆಣೆಯುತ್ತೀರಿ, ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಓದಿಸುತ್ತೀರಿ. ಹಾಗೆ ಹೆಣೆದರೆ ಎದುರಿಗೆ ನಿಂತವರಿಗೆ ಗೋಪುರ ತಲೆಕೆಳಗು, ಕಳಶ ನೆಲಕ್ಕೆ. ತೊಟ್ಟವಳು ಬಗ್ಗಿ ತನ್ನ ಪಾದ ನೋಡಿಕೊಂಡರೆ ಮಾತ್ರ ಅದು ನೆಟ್ಟಗೆ. ಇದು ತಪ್ಪೇ ಆಗಬೇಕಿಲ್ಲ. ಕಾಲುಚೀಲ ಯಾರು ನೋಡಲೆಂದು? ನಾರ್ವೆಯಲ್ಲೂ ನಮ್ಮಲ್ಲಿಯಂತೆ ಬಾಗಿಲಲ್ಲೇ ಚಪ್ಪಲಿ, ಬೂಟು ಬಿಟ್ಟು ಒಳಗೆ ಬರುತ್ತಾರೆ. ಹೋದ ಮನೆಯಲ್ಲಿ ಎಲ್ಲರಿಗೂ ಕಾಣುವುದು ಕಾಲುಚೀಲವೇ. ಹಾಗಿದ್ದೂ ‘ಹಿಮಕೋಲು’ ತೊಟ್ಟವಳಿಗೇ ಕಾಣುವ ಹಾಗಿರಲಿ ಅನ್ನುವುದು ನನ್ನ ಆಸೆ. ಹಿಮ ಬೀಳುವ ಮೊದಲೇ ರಸ್ತೆಯ ಅಂಚು ತೋರಿಸಲು ನೆಡುವ ಆ ಕೋಲುಗಳು ನಡೆಯುವವಳ ಕಣ್ಣಿಗೆ ದೂರ ಹೋದಂತೆ ಚಿಕ್ಕದಾಗುತ್ತವೆ. ಪಾದದ ಮೇಲೆ, ಗಿಣ್ಣಿನಿಂದ ಬೆರಳಿನ ಕಡೆಗೆ, ಅವು ಹಾಗೇ ಚಿಕ್ಕದಾಗುತ್ತ ಹೋಗಲಿ. ಈಗ ಎಲ್ಲ ಕೋಲೂ ಒಂದೇ ಎತ್ತರ. ಹಾಗೆಯೇ ಬಿಟ್ಟರೆ ಅದು ಬರೀ ಬೇಲಿ.

ಬಣ್ಣದ ಬಗ್ಗೆ ಒಂದೇ ಮಾತು. ಇಳಕಲ್ಲಿನ ಕೆಂಪೂ ಹಸಿರೂ ಸೀರೆಯಲ್ಲಿ ದೊಡ್ಡ ದೊಡ್ಡ ಜಾಗದಲ್ಲಿ ಎದುರುಬದುರು ನಿಂತು ಬೆಳಗುತ್ತವೆ. ಕುಣಿಕೆಗೊಂದರಂತೆ ಬೆರೆಸಿದರೆ ಎರಡೂ ಕಂದಿ ಹೋಗುತ್ತವೆ, ಯಾಕೆಂದರೆ ಎರಡರ ಗಾಢತೆಯೂ ಒಂದೇ. ನೂಲುಂಡೆಗಳನ್ನು ಪಕ್ಕಪಕ್ಕ ಇಟ್ಟು ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ಎರಡೂ ಒಂದೇ ಬೂದಾಗಿ ಕಂಡರೆ ಆ ಜೋಡಿ ಬೇಡ. ಯಾವ ಬಣ್ಣದ ನೂಲು ಹಿಂದೆ ಕೆಳಗಿನಿಂದ ಹಾಯುತ್ತದೆಯೋ ಅದು ಮುಂದೆ ಎದ್ದು ಕಾಣುತ್ತದೆ, ಆದ್ದರಿಂದ ಚಿತ್ರದ ಬಣ್ಣವನ್ನು ಮೊದಲಿನಿಂದ ಕೊನೆಯವರೆಗೆ ಕೆಳಗೇ ಹಿಡಿಯಬೇಕು ಎಂಬ ಸೂಚನೆಯನ್ನೂ ಸೇರಿಸಿ. ನಿಮ್ಮ ಫೋಟೊದಲ್ಲಿ ಎಡಗಾಲಿನ ಜಲ್ಲಿ ಬಲಗಾಲಿನದಕ್ಕಿಂತ ಮಂಕಾಗಿದೆ. ಎರಡನೆಯದಕ್ಕೆ ಕೈ ಬದಲಾಯಿಸಿದ್ದೀರಿ ಅಂದುಕೊಂಡೆ.

ಮುನ್ನುಡಿಯನ್ನು ಮತ್ತೆ ಬರೆಯಬೇಕು. ಎರಡು ಬಣ್ಣದ ಹೆಣಿಗೆ ಹುಟ್ಟಿದ್ದೇ ಸ್ಕ್ಯಾಂಡಿನೇವಿಯದಲ್ಲಿ ಎಂದಿದ್ದೀರಿ. ಈಜಿಪ್ಟಿನಲ್ಲಿ ಸಿಕ್ಕ ನೀಲಿ-ಬಿಳಿ ಹತ್ತಿಯ ಕಾಲುಚೀಲಗಳು ಅದಕ್ಕಿಂತ ಎಷ್ಟೋ ಹಳೆಯವು. ಪೆರುವಿನ ಟಕೀಲೆ ದ್ವೀಪದಲ್ಲಿ ಬಣ್ಣದ ಟೊಪ್ಪಿ ಹೆಣೆಯುವವರು ಗಂಡಸರು. ನಮ್ಮದೇ ದೇಶದ ಲಾಹೌಲ್ ಕಣಿವೆಯ ಉಣ್ಣೆಯ ಕಾಲುಚೀಲ, ಕೈಗವಸುಗಳಿಗೆ 2021ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಕನ್ನಡದಲ್ಲಿ ಇಂಥ ಪುಸ್ತಕ ಬರುವಾಗ ಅವರ ಹೆಸರಿಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಎರಡು ಬಣ್ಣದ ಎಲ್ಲದಕ್ಕೂ ‘ಫೇರ್ ಐಲ್’ ಎನ್ನಬೇಡಿ. ಅದು ಶೆಟ್ಲೆಂಡಿನ ಒಂದು ಪುಟ್ಟ ದ್ವೀಪದ ಹೆಸರು, ಅಲ್ಲಿನವರ ಸೊತ್ತು.

ಒಂಬತ್ತನೆಯ ವಿನ್ಯಾಸದ ಎಂಟೆಸಳಿನ ಗುಲಾಬಿಗೆ ‘ಸ್ವಂತ ಕಲ್ಪನೆ’ ಎಂದು ಬರೆದಿದ್ದೀರಿ. ಇದನ್ನು ಹೇಳಲು ನನಗೆ ಕಷ್ಟವಾಗುತ್ತಿದೆ, ಹೇಳದೆ ಇರುವಂತೆಯೂ ಇಲ್ಲ. ಅದು ನಿಮ್ಮ ನೆರೆಯ ಸೆಲ್ಬುವಿನ ಗುಲಾಬಿ. 1857ರಲ್ಲಿ ಮಾರಿಟ್ ಗುಲ್ಸೆತ್ ಎಂಬ ಹುಡುಗಿ ಅದನ್ನು ಕೈಗವಸಿನ ಮೇಲೆ ಹೆಣೆದು ಚರ್ಚಿಗೆ ಹಾಕಿಕೊಂಡು ಹೋದಳು, ಊರೆಲ್ಲ ಅದನ್ನು ಹೆಣೆಯತೊಡಗಿತು ಎಂದು ಅಲ್ಲಿ ಹೇಳುತ್ತಾರೆ. ಎಂಟು ಮೂಲೆಯ ನಕ್ಷತ್ರ ಅವಳಿಗಿಂತಲೂ ಹಳೆಯದು, ನಿಜ. ನೀವು ಬೇಕೆಂದು ಮಾಡಿಲ್ಲ ಎಂದೇ ನನ್ನ ನಂಬಿಕೆ; ಅಂಗಡಿಯ ಕಿಟಕಿಯಲ್ಲಿ ದಿನಾ ಕಂಡದ್ದು ಕೈಗೆ ಬಂದುಬಿಟ್ಟಿದೆ. ಆದರೂ ಎಲ್ಲಿಂದ ಬಂತು ಎಂದು ಬರೆಯದೆ ಅಚ್ಚಿಗೆ ಹೋಗುವಂತಿಲ್ಲ.

ಇನ್ನು ಓದುಗರ ಕಡೆಯಿಂದ. ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಕೂತು ಇದನ್ನು ಹೆಣೆಯುವವರಿಗೆ ‘ಬಿಳಿ ಒಂದು ಉಂಡೆ’ ಎಂದರೆ ಏನೂ ತಿಳಿಯುವುದಿಲ್ಲ. ಗ್ರಾಂ ಜೊತೆಗೆ ಮೀಟರನ್ನೂ ಹೇಳಿ. ನೀವು ಬಳಸಿರುವುದು ಮುಕ್ಕಾಲು ಪಾಲು ಉಣ್ಣೆ, ಕಾಲು ಪಾಲು ನೈಲಾನಿನ ಕಾಲುಚೀಲದ ನೂಲು, 100 ಗ್ರಾಮಿಗೆ ಸುಮಾರು 400 ಮೀಟರ್ ಬರುವಂಥದ್ದು. ಅದು ಸಿಗದವರು ಏನು ಮಾಡಬೇಕು, ನೈಲಾನ್ ಇಲ್ಲದ ನೂಲಾದರೆ ಹಿಮ್ಮಡಿ ಸವೆಯದಂತೆ ಏನು ಮಾಡಬೇಕು ಎಂದೂ ಎರಡು ಸಾಲು ಬೇಕು. ಒಂದೇ ಅಳತೆ ಸಾಲದು, ಮೂರಾದರೂ ಕೊಡಿ. ಪ್ರತಿಯೊಂದನ್ನೂ ನಿಮ್ಮನ್ನು ಬಿಟ್ಟು ಬೇರೆ ಇಬ್ಬರು, ನಿಮ್ಮನ್ನು ಏನೂ ಕೇಳದೆ, ಬರೀ ಕಾಗದ ನೋಡಿ ಹೆಣೆದು ಮುಗಿಸಿರಬೇಕು. ಇದರಲ್ಲಿ ನಾವು ರಿಯಾಯಿತಿ ಕೊಡುವುದಿಲ್ಲ. ಓದುಗರ ಇಪ್ಪತ್ತು ಸಂಜೆ ನಮ್ಮ ಒಂದು ತಪ್ಪು ಅಂಕಿಯಿಂದ ಹಾಳಾಗಬಾರದು.

ನಾಲ್ಕು ವಿನ್ಯಾಸ ತಿದ್ದಿ ಕಳಿಸಿ, ಜೊತೆಗೆ ಹೊಸದಾಗಿ ಎರಡು. ಆ ಎರಡಕ್ಕೆ ಏನು ಎಂದು ನಾನು ಸೂಚಿಸುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಹಗಲು ನಾಲ್ಕೂವರೆ ಗಂಟೆಯಷ್ಟೇ ಎಂದು ಬರೆದಿದ್ದೀರಿ. ಆ ಹೊತ್ತಿನಲ್ಲಿ ನಿಮ್ಮ ಅಡುಗೆಮನೆಯ ಕಿಟಕಿಯಿಂದ ಏನು ಕಾಣುತ್ತದೆ ಎಂದು ಒಂದು ವಾರ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ. ಬಿಡಿಸುವ ಮೊದಲು ಎಣಿಸಿ.

‘ಜಲ್ಲಿ’ಯ ಒಂದು ಕಾಲು ಮುಗಿದಿದೆ, ಸರಿಯಾಗಿ ಕೂತಿದೆ, ಮನೆಯಲ್ಲಿ ಅದೊಂದನ್ನೇ ತೊಟ್ಟು ಓಡಾಡಿದೆ. ಎರಡನೆಯದು ಹಿಮ್ಮಡಿಯ ಹತ್ತಿರ ಬಂದಿದೆ. ನಕ್ಷೆಯ 14ನೆಯ ಸುತ್ತಿನಲ್ಲಿ ಬಲದಿಂದ ಐದನೆಯ ಮನೆ ಖಾಲಿ ಬಿಟ್ಟಿದ್ದೀರಿ, ಫೋಟೊದಲ್ಲಿ ಅಲ್ಲಿ ಚುಕ್ಕೆ ಇದೆ. ಯಾವುದು ಸರಿ? ತಿಳಿಸಿ, ಅಲ್ಲಿಗೇ ನಿಲ್ಲಿಸಿಕೊಂಡಿದ್ದೇನೆ.

ವಿಶ್ವಾಸದಿಂದ,
ಸಂಪಾದಕಿ