ಮಾವನವರ 1967ರ ಫೋರ್ಡ್ ಮಸ್ಟಾಂಗ್‌ಗೆ ಹೊಸ ಬಣ್ಣ ಹೊಡೆಸಿ ಮಾರಬೇಕೇ, ಇದ್ದ ಹಾಗೆಯೇ ಮಾರಬೇಕೇ?

ದಯವಿಟ್ಟು ಬಣ್ಣ ಹೊಡೆಸಬೇಡಿ. ಮಾವನವರು 1971ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೊಂಡ ಕಾರು, ಬಣ್ಣ ಮಾಸಿದೆ, ಚಾಲಕನ ಸೀಟಿನ ಹೊಲಿಗೆ ಬಿಟ್ಟಿದೆ, ಉಳಿದದ್ದೆಲ್ಲ ಕಾರ್ಖಾನೆಯಿಂದ ಬಂದಂತೆಯೇ ಇದೆ ಎಂದು ಬರೆದಿದ್ದೀರಿ. ಅದಕ್ಕೆ ಬೆಲೆ ಬರುವುದೇ ಆ ಕೊನೆಯ ಮಾತಿನಿಂದ.

ಈ ತಪ್ಪನ್ನು ನಾನು ಮಾಡಿದ್ದೇನೆ. ಫ್ರೀಮಾಂಟ್‌ನಲ್ಲಿ ನನ್ನ ಬಳಿಯೂ ಇದೇ ವರ್ಷದ ಮಸ್ಟಾಂಗ್ ಇತ್ತು. ಗೀರು ಬಿದ್ದಿದ್ದ ಎಡಬಾಗಿಲಿಗೆ ಪುಟ್ಟಿ ಮೆತ್ತಿಸಿ ಬಣ್ಣ ಹೊಡೆಸಿದೆ. ನೋಡಲು ಬಂದವರು ಬಣ್ಣದ ದಪ್ಪ ಅಳೆಯುವ ಪುಟ್ಟ ಮೀಟರನ್ನು ಜೇಬಿನಿಂದ ತೆಗೆದು ಬಾನೆಟ್, ಮಡ್‌ಗಾರ್ಡ್, ಡಿಕ್ಕಿ ಎಂದು ಒಂದೊಂದಕ್ಕೂ ಒತ್ತಿ ಹಿಡಿಯುತ್ತ ಬಂದರು. ಎಲ್ಲ ಕಡೆ ನೂರು ಮೈಕ್ರಾನ್ ಆಸುಪಾಸು. ಎಡಬಾಗಿಲಿನ ಮೇಲೆ ಅಂಕಿ ಮುನ್ನೂರು ದಾಟಿತು. ಗೀರು ಕಣ್ಣಿಗೆ ಕಾಣುತ್ತಿದ್ದಾಗ ಅದು ಬರೀ ಗೀರಾಗಿತ್ತು. ಮುಚ್ಚಿದ ಮೇಲೆ, ಒಳಗೆ ತುಕ್ಕಿದೆಯೋ ಅಪಘಾತವಾಗಿತ್ತೋ ಎಂಬ ಅನುಮಾನ ಇಡೀ ಕಾರಿಗೆ ಅಂಟಿತು. ಅವರು ಕೊಳ್ಳಲಿಲ್ಲ.

1967ರ ಮಾದರಿಯಲ್ಲೇ ಫೋರ್ಡ್ 4,72,121 ಮಸ್ಟಾಂಗ್‌ಗಳನ್ನು ತಯಾರಿಸಿತು. ಥಳಥಳ ಹೊಳೆಯುವ ಹೊಸ ಬಣ್ಣದವು ಅಮೆರಿಕದಲ್ಲಿ ಬೇಕಾದಷ್ಟಿವೆ. ಯಾರೂ ಕೈಯಾಡಿಸದೆ ಉಳಿದದ್ದನ್ನು ಹುಡುಕಿಕೊಂಡು ಬರುವವರೇ ಬೇರೆ, ನೀವು ಕಾಯಬೇಕಾದದ್ದು ಅವರಿಗಾಗಿ.

ನೀವು ಕೊಟ್ಟಿರುವ ಚಾಸಿ ಸಂಖ್ಯೆ 7, ಆರ್, 01, ಸಿ ಎಂದು ಶುರುವಾಗುತ್ತದೆ. ಏಳು ಎಂದರೆ 1967. ಆರ್ ಎಂದರೆ ಸ್ಯಾನ್ ಹೋಸೆ ಕಾರ್ಖಾನೆ. ಹೆಸರು ಸ್ಯಾನ್ ಹೋಸೆಯದಾದರೂ ಅದು ಇದ್ದದ್ದು ಮಿಲ್ಪಿಟಾಸ್‌ನಲ್ಲಿ; 1983ರಲ್ಲಿ ಬಾಗಿಲು ಮುಚ್ಚಿದ ಆ ಜಾಗದಲ್ಲೇ ಈಗ ನಾವೆಲ್ಲ ಬಟ್ಟೆ ಕೊಳ್ಳಲು ಹೋಗುವ ಗ್ರೇಟ್ ಮಾಲ್ ಇದೆ. 01 ಎಂದರೆ ಹಾರ್ಡ್‌ಟಾಪ್, ಅಂದರೆ ಗಟ್ಟಿ ಚಾವಣಿಯ ಸಾಮಾನ್ಯ ಮಾದರಿ; ಹಾಗಾಗಿ ಚಾವಣಿ ಹಿಂದಕ್ಕೆ ಇಳಿಜಾರಾಗಿ ಹೋಗುವ ಫಾಸ್ಟ್‌ಬ್ಯಾಕ್‌ನ ಹೆಚ್ಚಿನ ಬೆಲೆ ಮನಸ್ಸಿನಲ್ಲಿಟ್ಟುಕೊಳ್ಳಬೇಡಿ. ಸಿ ಎಂಬುದು 289 ಘನ ಅಂಗುಲದ ವಿ8 ಎಂಜಿನ್. ಇದೇ ಸಂಖ್ಯೆ ಬಾನೆಟ್ ಎತ್ತಿದರೆ ಎಡ ಮಡ್‌ಗಾರ್ಡಿನ ಒಳತಗಡಿನ ಮೇಲೂ, ಚಾಲಕನ ಬಾಗಿಲಿನ ಅಂಚಿಗೆ ರಿವೆಟ್ ಹೊಡೆದಿರುವ ತಗಡಿನಲ್ಲೂ ಇರಬೇಕು. ಎರಡನ್ನೂ ಹೋಲಿಸಿ, ಫೋಟೊ ತೆಗೆದಿಡಿ. 1967ರಿಂದೀಚಿನ ಫೋರ್ಡ್ ಕಾರುಗಳ ತಯಾರಿಕಾ ದಾಖಲೆ ಕೆವಿನ್ ಮಾರ್ಟಿ ಅವರ ಬಳಿ ಇದೆ. ಅದರಿಂದ ಅವರು ಒಂದೊಂದು ಕಾರಿಗೂ ತಯಾರಿಸಿಕೊಡುವ ಮಾರ್ಟಿ ರಿಪೋರ್ಟ್ ತರಿಸಿದರೆ ಕಾರಿನ ಮೂಲ ಬಣ್ಣ, ಗೇರ್‌ಬಾಕ್ಸ್, ಆಕ್ಸೆಲ್ ಎಲ್ಲ ಅದರಲ್ಲೇ ಸಿಗುತ್ತದೆ. ನೀವು ಬಾಯಿ ಮಾತಿನಲ್ಲಿ ಒಪ್ಪಿಸಬೇಕಾಗಿಲ್ಲ.

ಕಾರನ್ನು ಮೆದು ಸೋಪಿನಲ್ಲಿ ತೊಳೆಯಿರಿ, ಅಷ್ಟು ಸಾಕು. ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲ್ ಇದ್ದರೆ ಖಾಲಿ ಮಾಡಿಸದೆ ಎಂಜಿನ್ ಚಾಲೂ ಮಾಡಬೇಡಿ. ಬ್ರೇಕ್ ಹೋಸ್, ಟಯರ್ ಬದಲಿಸುವುದರಲ್ಲಿ ತಪ್ಪಿಲ್ಲ, ಅದು ಜೀವದ ಪ್ರಶ್ನೆ. ಆದರೆ ಬಿಚ್ಚಿದ ಒಂದು ನಟ್ಟನ್ನೂ ಎಸೆಯದೆ ಡಬ್ಬಿಯಲ್ಲಿ ಹಾಕಿ ಕಾರಿನ ಜೊತೆಗೇ ಕೊಡಿ. ಬಿಟ್ಟ ಹೊಲಿಗೆಯ ಫೋಟೊವನ್ನೂ ಜಾಹೀರಾತಿನಲ್ಲಿ ಹಾಕಿ.

ಕಾಗದಪತ್ರದ ಕೆಲಸ ಸುಲಭ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. ಕಾರಿನ ಮಾಲೀಕತ್ವದ ಪತ್ರವಾದ ಪಿಂಕ್ ಸ್ಲಿಪ್‌ಗೆ ಮಾವನವರ ಸಹಿ ಹಾಕಿಸಿ, ಮಾರಿದ ಐದು ದಿನದೊಳಗೆ ವಾಹನ ನೋಂದಣಿ ಇಲಾಖೆಯಾದ ಡಿಎಂವಿಗೆ ತಿಳಿಸಿ.

ಇನ್ನೊಂದು ಮಾತು. ಫೋಟೊದಲ್ಲಿ ಕಾಣುತ್ತಿರುವ, ಕಪ್ಪು ನೆಲದ ಮೇಲೆ ಹಳದಿ ಅಕ್ಷರದ ನಂಬರ್ ಪ್ಲೇಟ್ ಅರವತ್ತರ ದಶಕದ್ದು. ನೆನಪಿಗಿರಲಿ ಎಂದು ಅದನ್ನು ಬಿಚ್ಚಿಟ್ಟುಕೊಳ್ಳಲು ಮಾವನವರಿಗೆ ಆಸೆಯಿದೆ ಎಂದಿರಿ. ಅವರನ್ನು ಸ್ಟಿಯರಿಂಗ್ ಹಿಂದೆ ಕೂರಿಸಿ ಒಂದು ಒಳ್ಳೆಯ ಫೋಟೊ ತೆಗೆದುಕೊಡಿ; ಪ್ಲೇಟ್ ಕಾರಿನ ಜೊತೆಯಲ್ಲೇ ಹೋಗಲಿ.